ಸತ್ಯಾಂಶ: 2520 ಏಕೈಕ ಸಂಖ್ಯೆಯಲ್ಲ
1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಏಕೈಕ ಸಂಖ್ಯೆ 2520, ಅದರ ಗುಟ್ಟು ವಾರ, ತಿಂಗಳು, ವರ್ಷಗಳ ಗುಣಲಬ್ಧದಲ್ಲಿದೆ (7×30×12) ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಭಾಗವಾಗುವುದು ನಿಜ, ಲೆಕ್ಕ ಸೊಗಸಾಗಿಯೂ ಇದೆ. ಆದರೆ ‘ಏಕೈಕ’ ಎಂಬುದು ತಪ್ಪು.

2520 ಎಂಬುದು ಆ ಹತ್ತು ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ನಾವು ಶಾಲೆಯಲ್ಲಿ ಕಲಿತ ಲ.ಸಾ.ಅ. 8, 9, 5, 7 ಇವುಗಳನ್ನು ಗುಣಿಸಿದರೆ ಅದು ಸಿಗುತ್ತದೆ. 8ರಲ್ಲಿ 2 ಮತ್ತು 4, 9ರಲ್ಲಿ 3 ಅಡಗಿರುವುದರಿಂದ 6 ಮತ್ತು 10 ತಾವಾಗಿಯೇ ಸೇರಿಕೊಳ್ಳುತ್ತವೆ. ಆದ್ದರಿಂದ 5040, 7560 ಮೊದಲಾಗಿ ಅದರ ಎಲ್ಲ ಅಪವರ್ತ್ಯಗಳಿಗೂ ಇದೇ ಗುಣವಿದೆ. 27720 ಅಂತೂ 11 ಮತ್ತು 12ರಿಂದಲೂ ಭಾಗವಾಗುತ್ತದೆ. ಇನ್ನು ವರ್ಷದ ಮಾತು: 30×12 ಎಂದರೆ 360, ವರ್ಷಕ್ಕಿರುವುದು 365 ದಿನ.

‘ಇದೊಂದೇ’ ಎನ್ನುವ ಯಾವುದೇ ಹೇಳಿಕೆಯನ್ನು ಸುಳ್ಳೆಂದು ತೋರಿಸಲು ಒಂದೇ ಪ್ರತ್ಯುದಾಹರಣೆ ಸಾಕು. ಇಲ್ಲಿ ಸಂಖ್ಯೆಯನ್ನು ಇಮ್ಮಡಿಗೊಳಿಸಿ, ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ 7, 8, 9ರಿಂದ ಭಾಗಿಸಿ ನೋಡಿ: 720, 630, 560.