ಶಿಕ್ಷಕನಿಗೆ ಕ್ರೀಡಾ ತರಬೇತುದಾರ ಮಾದರಿಯಾಗಬಲ್ಲನೇ?

ಪರ

1974–75ರಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಅಭ್ಯಾಸವನ್ನು ನೋಡುತ್ತಾ ಕುಳಿತು, ತರಬೇತುದಾರ ಜಾನ್ ವುಡನ್ ಅವರ ಮಾತು-ವರ್ತನೆಗಳನ್ನು ವಿಂಗಡಿಸಿ ಬರೆದುಕೊಂಡರು. 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದವರ ಬಾಯಲ್ಲಿ ಹುರಿದುಂಬಿಸುವ ಭಾಷಣಗಳೇ ಇರುತ್ತವೆಂದು ಊಹಿಸುವವರಿಗೆ ಆ ಲೆಕ್ಕ ನಿರಾಸೆ ತರುತ್ತದೆ. ದಾಖಲಾದ 2,326 ಬೋಧನಾ ಕ್ರಿಯೆಗಳಲ್ಲಿ ಹೊಗಳಿಕೆ ಶೇ 7ರಷ್ಟು, ಬರಿಯ ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ಸುಮಾರು ಮುಕ್ಕಾಲು ಪಾಲು ಏನನ್ನು, ಹೇಗೆ ಮಾಡಬೇಕೆಂಬ ಮಾಹಿತಿ. ವುಡನ್ ಮೊದಲು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರೆಂಬುದು ಇಲ್ಲಿ ಆಕಸ್ಮಿಕವಲ್ಲ.

ಆಟಗಾರ ತಪ್ಪಿದಾಗ ಅವರು ಸರಿಯಾದ ಚಲನೆಯನ್ನು ಮಾಡಿ ತೋರಿಸಿ, ಅವನ ತಪ್ಪನ್ನು ಅನುಕರಿಸಿ, ಮತ್ತೆ ಸರಿಯಾದುದನ್ನು ತೋರಿಸುತ್ತಿದ್ದರು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು, ಮರುಕ್ಷಣವೇ ಹುಡುಗ ಮತ್ತೆ ಪ್ರಯತ್ನಿಸುತ್ತಿದ್ದ. ತರಗತಿಯಲ್ಲಾದರೋ ಪ್ರಬಂಧ ಬರೆದ ವಿದ್ಯಾರ್ಥಿಗೆ ಎರಡು ವಾರಗಳ ಮೇಲೆ, ವಿಷಯವೇ ಮರೆತುಹೋದಾಗ, ‘ಇನ್ನಷ್ಟು ಶ್ರಮ ಅಗತ್ಯ’ ಎಂಬ ಷರಾ ಸಿಗುತ್ತದೆ. ಎಲ್ಲಿ ಶ್ರಮ, ಯಾವ ವಾಕ್ಯದಲ್ಲಿ, ಎಂಬುದನ್ನು ಆ ಷರಾ ಹೇಳುವುದಿಲ್ಲ.

ವಿರೋಧ

ಈ ವಾದ ಬೆಂಚನ್ನು ಮರೆತಿದೆ. ತರಬೇತುದಾರ ಆಯ್ದ ಹನ್ನೆರಡು ಜನರೊಂದಿಗೆ ಕೆಲಸ ಮಾಡುತ್ತಾನೆ. ಅವರಲ್ಲೂ ಹಿಂದುಳಿದವನನ್ನು ಪಂದ್ಯದ ದಿನ ಹೊರಗಿನ ಬೆಂಚಿನಲ್ಲಿ ಕೂರಿಸಿದರೆ ಅದನ್ನು ಜಾಣತನವೆನ್ನುತ್ತೇವೆ. ಶಿಕ್ಷಕನಿಗೆ ಆಯ್ಕೆಯ ಹಕ್ಕಿಲ್ಲ, ಮತ್ತು ಬೆಂಚಿನಲ್ಲಿ ಕೂರಬೇಕಾದ ಆ ಮಗುವಿಗೇ ಅವನ ಸಮಯದಲ್ಲಿ ದೊಡ್ಡ ಪಾಲು ಸಲ್ಲಬೇಕು. ಒಪ್ಪಿ ಬಂದವರಿಗೆ ಕಲಿಸುವುದಕ್ಕೂ ಕಡ್ಡಾಯಕ್ಕೆ ಬಂದವರಲ್ಲಿ ಆಸಕ್ತಿ ಹುಟ್ಟಿಸುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಆಳದ ತೊಡಕೊಂದಿದೆ. ಅಂಕಣದಲ್ಲಿ ತಪ್ಪು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ: ಮೊಣಕೈ ಹೊರಕ್ಕೆ ಬಾಗಿದೆ, ಪಾದ ತಡವಾಗಿ ತಿರುಗಿದೆ. ಆದರೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದ ಮಗುವಿನ ತಪ್ಪು ಕಾಗದದ ಮೇಲಿಲ್ಲ. ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಬಹುದೆಂಬ, ತನ್ನ ಮಟ್ಟಿಗೆ ಸುಸಂಗತವಾದ ನಂಬಿಕೆಯಲ್ಲಿದೆ. ಸರಿಯಾದ ವಿಧಾನವನ್ನು ತಕ್ಷಣ ಮಾಡಿ ತೋರಿಸಿದರೆ ಮಗು ಅದನ್ನು ನಕಲು ಮಾಡೀತು, ನಂಬಿಕೆ ಹಾಗೆಯೇ ಉಳಿದೀತು. ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆಯಲ್ಲ, ಕೂಡಿಸಿದರೆ ಕಡಿಮೆಯಾಗುವುದುಂಟೇ ಎಂದು ಕೇಳಿ ಸುಮ್ಮನಿರುವುದು ಇಲ್ಲಿ ಶಿಕ್ಷಕನ ಕೆಲಸ. ಆ ಮೌನ ಎಷ್ಟೋ ಸಲ ಪೂರ್ತಿ ಒಂದು ನಿಮಿಷ ಎಳೆಯುತ್ತದೆ. ಮಗು ಪೆನ್ಸಿಲು ಕಚ್ಚುತ್ತಾ ತಾನು ಬರೆದ ಐದನೇ ಎರಡನ್ನೇ ದಿಟ್ಟಿಸುತ್ತಿರುತ್ತದೆ.