ಅತ್ತಿಮಬ್ಬೆಯ ಮಿರ್ಚಿ ದಾನ

ನಮ್ಮ ಮಹಿಳಾ ಮಂಡಳದಲ್ಲಿ ಈ ಸಲ ಅತ್ತಿಮಬ್ಬೆ ಆಗಿದ್ದು ನಾನು. ಅಭಿನಯ ಬರುತ್ತದೆ ಅಂತಲ್ಲ. ಮನೆಯಲ್ಲಿ ಅಜ್ಜಿಯ ಕಾಲದ ಇಳಕಲ್ ಸೀರೆ ಇದೆ, ಮೂಗು ಉದ್ದ ಇದೆ, ಸಾಕು ಅಂದರು. ಊರು ಗದಗ. ಲಕ್ಕುಂಡಿ ಇಲ್ಲೇ ಪಕ್ಕದಲ್ಲಿ, ಆಕೆ ಕಟ್ಟಿಸಿದ ಬಸದಿ 1007ರಿಂದ ನಿಂತೇ ಇದೆ. ಹಾಗಾಗಿ ತಪ್ಪು ಹಿಡಿಯುವವರೂ ಜಾಸ್ತಿ.

ಅರ್ಧ ತಾಸು ನಾನು ಅತ್ತಿಮಬ್ಬೆಯಾಗಿ ನನ್ನ ಕಥೆ ಹೇಳಬೇಕು, ಆಮೇಲೆ 4 ಗಂಟೆಗೆ ಎಲ್ಲರಿಗೂ ಮಿರ್ಚಿ, ಚಹಾ. ವೇಷ ಮಾತ್ರ ಕಳಚುವ ಹಾಗಿಲ್ಲ, ಯಾರು ಏನು ಕೇಳಿದರೂ ಅವಳಾಗಿಯೇ ಉತ್ತರ ಕೊಡಬೇಕು.

ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ಅಚ್ಚು ಇಲ್ಲದ ಕಾಲ, ಒಂದೊಂದು ಅಕ್ಷರವನ್ನೂ ಓಲೆಗರಿಯ ಮೇಲೆ ಕಂಟದಿಂದ ಕೊರೆಯಬೇಕು. ನನಗೋ 12 ಪ್ರತಿ ಮಾಡುವಷ್ಟರಲ್ಲಿ ಬೆರಳಿಗೆ ಬೊಬ್ಬೆ ಬಂತು. ಅದೂ ಓಲೆಗರಿ ಅಲ್ಲ, ಮನೆಯಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಉದ್ದುದ್ದ ಕತ್ತರಿಸಿ, ಚಹಾದ ನೀರಲ್ಲಿ ಅದ್ದಿ ಒಣಗಿಸಿ, ತೂತು ಹೊಡೆದು ದಾರ ಪೋಣಿಸಿದ್ದು. ಈ ಕಡೆಯಿಂದ ನೋಡಿದರೆ ಪಕ್ಕಾ ಹತ್ತನೇ ಶತಮಾನ. ಆ ಕಡೆ ಏನಿದೆ ಅಂತ ಯೋಚಿಸಲೇ ಇಲ್ಲ ನೋಡಿ.

"ಪತಿ ನಾಗದೇವ ಯುದ್ಧದಲ್ಲಿ ಮಡಿದ. ಉಳಿದ ಬದುಕೆಲ್ಲ ನನಗೆ ದಾನವೇ" ಎಂದು ಗಂಟಲು ಬಿಗಿದುಕೊಂಡು ಗರಿ ಮೇಲೆತ್ತಿದೆ. ಮುಂದಿನ ಸಾಲಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು: "ಆಶೀರ್ವಾದವೇ ಉಡುಗೊರೆ."

ಮುಂದಿನ ಐದು ನಿಮಿಷ ಶಾಂತಿಪುರಾಣಕ್ಕೆ ಶಾಂತಿಯೇ ಇರಲಿಲ್ಲ.

ಹೇಗೋ ಮುಗಿಸಿ, ಬಿಸಿ ಮಿರ್ಚಿ ಪ್ಲೇಟು ಹಿಡಿದು ಮೂಲೆಗೆ ಸರಿದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಅಷ್ಟರಲ್ಲಿ ಅವ್ವನ ಜೊತೆ ಬಂದಿದ್ದ ಹುಡುಗನೊಬ್ಬ ಹತ್ತಿರ ನಿಂತ.

"ಅತ್ತಿಮಬ್ಬೆ ಆಂಟಿ, ನಿಮ್ಮ ಕಾಲದಾಗ ಮೆಣಸಿನಕಾಯಿ ಇತ್ತೇನ್ರಿ?"

ಸುಮ್ನೆ ಇತ್ತು ಅನ್ನಬಹುದಿತ್ತು. ಆದರೆ ಓದಿಕೊಂಡು ಬಂದ ಜಂಬ ಬಿಡಬೇಕಲ್ಲ! "ಇಲ್ಲಪ್ಪ, ಅದನ್ನ ತಂದವರು ಪೋರ್ಚುಗೀಸರು, ನನ್ನ ಕಾಲದಿಂದ ಹತ್ತತ್ರ 500 ವರ್ಷ ಆದಮೇಲೆ" ಅಂದೆ.

"ಚಹಾ?"

"ಅದೂ ಇರಲಿಲ್ಲ."

ಅವನು ನನ್ನ ಪ್ಲೇಟನ್ನೇ ನೋಡಿದ. "ಹಂಗಾರ ನೀವು ತಿನ್ನಂಗಿಲ್ಲ. ದಾನ ಮಾಡ್ರಿ."

ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎರಡೂ ಮಿರ್ಚಿ ಹೋದವು. ಚಹಾ ಅವನ ಅವ್ವ ಇಸಕೊಂಡರು, ಸಕ್ಕರೆ ಕಡಿಮೆ ಆಗಿದೆ ಅಂತ ಬೇರೆ ಹೇಳಿದರು.