ಬ್ರಹ್ಮಾಂಡ: ಕಾಮಗಾರಿ ಪ್ರಗತಿಯಲ್ಲಿದೆ

ಮೊನ್ನೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತಿದ್ದೆ. ಎದುರಿಗಿದ್ದ ನಿವೃತ್ತ ಮೇಷ್ಟ್ರು ಮೊಬೈಲ್ ತಿರುಗಿಸಿ ತೋರಿಸಿದರು. ‘ಬ್ರಹ್ಮಾಂಡದಲ್ಲಿ ಮನುಷ್ಯ ನೋಡಿರೋದು ಬರೀ ಶೇ 4! ಹತ್ತು ಜನಕ್ಕೆ ಕಳಿಸಿ.’ ಅದೇ ಫಾರ್ವರ್ಡ್, ನಿಮಗೂ ಬಂದಿರುತ್ತೆ.

‘ಉಳಿದ 96 ಯಾವಾಗ ಮುಗೀತದ್ರೀ?’ ಅಂದರು ಮೇಷ್ಟ್ರು, ಥೇಟ್ ಕಾಮಗಾರಿಗಳ ಪ್ರಗತಿ ವಿಚಾರಿಸುವ ಕೆಡಿಪಿ ಸಭೆಯಲ್ಲಿ ಕೇಳುವ ಹಾಗೆ.

ಅಲ್ಲ, ಶೇಕಡಾ ಹಾಕಬೇಕಾದರೆ ಒಟ್ಟು ಎಷ್ಟು ಅಂತ ಗೊತ್ತಿರಬೇಕಲ್ವಾ? ನಮಗೆ ಕಾಣಬಹುದಾದ ಬ್ರಹ್ಮಾಂಡವೇ ಈ ತುದಿಯಿಂದ ಆ ತುದಿಗೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದರಾಚೆ ಎಷ್ಟಿದೆ, ಕೊನೆ ಇದೆಯೋ ಇಲ್ಲವೋ, ವಿಜ್ಞಾನಿಗಳಿಗೇ ತಿಳಿದಿಲ್ಲ. ವಾಟ್ಸಾಪ್‌ಗೆ ಮಾತ್ರ ತಿಳಿದಿದೆ.

ಹತ್ತಿರಹತ್ತಿರ ಅಂಥದ್ದೇ ಇನ್ನೊಂದು ಲೆಕ್ಕ ನಿಜಕ್ಕೂ ಇದೆ. ನಕ್ಷತ್ರ, ಗ್ರಹ, ನೀವು, ನಾನು, ದೋಸೆ ಹಂಚು ಎಲ್ಲಾ ಸೇರಿದ ಮಾಮೂಲಿ ವಸ್ತು ಬ್ರಹ್ಮಾಂಡದಲ್ಲಿ ಶೇ 5ರಷ್ಟು. ಶೇ 27 ಕಪ್ಪು ದ್ರವ್ಯ, ಶೇ 68 ಕಪ್ಪು ಶಕ್ತಿ. ಅವು ಏನು ಅಂತ ಯಾರಿಗೂ ಗೊತ್ತಿಲ್ಲ, ಇವೆ ಅಂತ ಮಾತ್ರ ಗೊತ್ತು. ಕಣ್ಣಿಗೆ ಬೀಳೋದಿಲ್ಲ, ಆದರೆ ಎಲ್ಲವೂ ಅದರ ಪ್ರಕಾರವೇ ನಡೆಯುತ್ತೆ. ಕರ್ನಾಟಕದಲ್ಲಿ ರಸ್ತೆ ಗುತ್ತಿಗೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಎಷ್ಟು ಪರ್ಸೆಂಟು?’ ಅಂತಷ್ಟೇ ಕೇಳುತ್ತಾರೆ.

ಇನ್ನು ಕಾಲಿಟ್ಟು ನೋಡಿದ ಜಾಗ ಎಷ್ಟು? ಚಂದ್ರ. ಇಲ್ಲಿಂದ 3,84,000 ಕಿ.ಮೀ. 1969ರಿಂದ 72ರ ನಡುವೆ 12 ಜನ ಅಲ್ಲಿ ಓಡಾಡಿ ಬಂದರು. ನಾವು ಮಾಡಿದ ವಸ್ತುಗಳ ಪೈಕಿ ಜಾಸ್ತಿ ದೂರ ಹೋಗಿರೋದು 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್-1. ಸೆಕೆಂಡಿಗೆ 17 ಕಿ.ಮೀ. ಓಡುತ್ತೆ. ಆ ವೇಗದಲ್ಲಿ ಸೂರ್ಯನ ಪಕ್ಕದ ಮನೆಯ ನಕ್ಷತ್ರ ಮುಟ್ಟಲೂ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು.

ಹಾಗಂತ ವಾಯೇಜರನ್ನು ಹಗುರವಾಗಿ ನೋಡಬೇಡಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ 2011–12ರ ಬಜೆಟ್‌ನಲ್ಲಿ ಮಂಜೂರಾಯಿತು. 191 ಕಿ.ಮೀ. ವಾಯೇಜರ್‌ಗೆ ಅದು 11 ಸೆಕೆಂಡಿನ ದಾರಿ. ನಮ್ಮಲ್ಲಿ ಸಿಹಿ ಹಂಚಿ ಬ್ಯಾನರ್ ಇಳಿಸುವಷ್ಟರಲ್ಲಿ, 2012ರ ಆಗಸ್ಟ್‌ನಲ್ಲಿ, ಅದು ಸೂರ್ಯನ ಗಾಳಿ ಬೀಸುವ ಗಡಿಯನ್ನೇ ದಾಟಿತ್ತು. ನಾವು ಬೆಂಗಳೂರಿಗೆ ಈಗಲೂ ಅರಸೀಕೆರೆ ಸುತ್ತಿಕೊಂಡೇ ಹೋಗುತ್ತೇವೆ. ಬ್ರಹ್ಮಾಂಡ ಹಿಗ್ಗುತ್ತಿದೆ ಅಂತಾರಲ್ಲ, ಅದರ ಪರಿಣಾಮ ಇರಬಹುದು.

ಇನ್ನೊಂದು ಹೇಳಲೇಬೇಕು. 2023ರ ನವೆಂಬರ್‌ನಲ್ಲಿ ಈ ಮುದುಕ ವಾಯೇಜರ್ ತೊದಲಲು ಶುರು ಮಾಡಿದ. ಕೆಟ್ಟಿದ್ದು ಒಂದು ಮೆಮೊರಿ ಚಿಪ್. ಇಲ್ಲಿಂದ ಒಂದು ಮಾತು ಮುಟ್ಟಲು 22 ಗಂಟೆಗೂ ಜಾಸ್ತಿ, ಉತ್ತರ ಬರಲು ಮತ್ತೆ ಅಷ್ಟೇ. ಆದರೂ ಮರುವರ್ಷ ಏಪ್ರಿಲ್‌ಗೆ ರಿಪೇರಿ ಆಗಿತ್ತು. ನಮ್ಮ ಬೀದಿ ದೀಪ ಕೆಟ್ಟು ಎಂಟು ತಿಂಗಳಾಯಿತು. ದೂರು ಕೊಡುವ ಕಚೇರಿಗೆ ನಡೆದು ಹೋದರೆ 12 ನಿಮಿಷ. ‘ಗಮನಕ್ಕೆ ಬಂದಿದೆ ಸಾರ್’ ಅಂತಾರೆ. ಪಾಪ, ಬೆಳಕಿಗೂ ಬರಲು ಟೈಮು ಬೇಕಲ್ವಾ.

ಬಾಹ್ಯಾಕಾಶದಲ್ಲಿ ನಮ್ಮ ಜಿಲ್ಲೆಗಳ ಪಾಲು ಏನೂ ಇಲ್ಲ ಅಂದುಕೊಳ್ಳಬೇಡಿ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊದವರು ಚಂದ್ರನ ಕುಳಿಗಳ ನಕಲು ತೋಡಿದ್ದರು. (ಇಲ್ಲಿ ರಸ್ತೆ ಗುಂಡಿಯ ಜೋಕ್ ಬರಬೇಕಿತ್ತು. ಹೇಳಿ ಹೇಳಿ ಅದೇ ಗುಂಡಿ ಬಿದ್ದಿದೆ, ಬಿಡಿ.) ಅಮೃತಮಹಲ್ ದನ ಮೇಯುತ್ತಿದ್ದ ಆ ಕಾವಲುಗಳಲ್ಲಿ ಈಗ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿವೆ, ಉದ್ದಕ್ಕೂ ಕಾಂಪೌಂಡ್ ಇದೆ. ಕುರಿ ಕಾಯುವವನಿಗೆ ಚಂದ್ರ ಚೆನ್ನಾಗಿ ಕಾಣುತ್ತೆ. ಗೋಡೆಯಾಚೆಯ ಹುಲ್ಲು ಕಾಣೋದಿಲ್ಲ.

ಚಂದ್ರನಲ್ಲಿ ನೀರು ಹುಡುಕಿದ್ದಕ್ಕೆ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಈಗಲೂ ಹೊಡೀತೀನಿ. ಚಂದ್ರಯಾನ-3ಕ್ಕೆ ಆದದ್ದು ಸುಮಾರು 615 ಕೋಟಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಅಂತ 2023ರ ಕೇಂದ್ರ ಬಜೆಟ್‌ನಲ್ಲಿ ಓದಿದ್ದು 5,300 ಕೋಟಿ. ಎಂಟು ಚಂದ್ರಯಾನದ ದುಡ್ಡು. ಅದು ಎಲ್ಲಿ ಅಂತ ಕೇಳಿದರೆ ಬೆಂಗಳೂರು ದಿಲ್ಲಿಯ ಕಡೆ ಕೈ ತೋರಿಸುತ್ತೆ, ದಿಲ್ಲಿ ಬೆಂಗಳೂರಿನ ಕಡೆ. ಚಿತ್ರದುರ್ಗದ ರೈತರು ಧರಣಿ ಕೂತೂ ಕೂತೂ ಅಪ್ಪನ ಜಾಗದಲ್ಲಿ ಮಗ ಬಂದು ಕೂತಿದ್ದಾನೆ. ಫ್ಲೋರೈಡ್ ನೀರು ಕುಡಿದ ಹುಡುಗರ ಹಲ್ಲು ಕಂದಾಗಿದೆ. ಇದರಲ್ಲಿ ತಮಾಷೆ ಮಾಡೋಕೆ ಏನೂ ಇಲ್ಲ. ನನಗೂ ಸಾಕಾಗಿದೆ.

ಹೊಳಲ್ಕೆರೆ ಕಡೆ ನಮ್ಮ ಭಾವನ ಅಡಿಕೆ ತೋಟ ಇದೆ. ಅವರದೂ ಅನ್ವೇಷಣೆಯೇ, ದಿಕ್ಕು ಮಾತ್ರ ಕೆಳಗೆ. ಮೂರು ಬೋರ್ ಫೇಲ್ ಆಗಿವೆ. ಕೊನೆಯದು ಸಾವಿರ ಅಡಿ ದಾಟಿ ಧೂಳು ಉಗುಳಿತು. ಭೂಮಿಯ ಮಧ್ಯಕ್ಕೆ 6,371 ಕಿ.ಮೀ. ಇದೆ, ರಷ್ಯಾದವರು ಕೋಲಾದಲ್ಲಿ ಕೊರೆದದ್ದೇ 12 ಕಿ.ಮೀ. ಅಂತ ಸಮಾಧಾನ ಹೇಳಿದೆ. ಫೋನ್ ಇಟ್ಟರು.

ನಿನ್ನೆ ಅವರೇ ಫೋನ್ ಮಾಡಿದ್ದರು. ಪಾಯಿಂಟ್ ನೋಡೋರು ಮತ್ತೆ ಬಂದಿದ್ದರಂತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲಾ ಸುತ್ತಿ, ಮೂಲೆಯಲ್ಲಿ ನಿಂತು ಹೇಳಿದರಂತೆ: ‘ಗೌಡ್ರೇ, ಇಲ್ಲಿ ನೂರಕ್ಕೆ 90 ನೀರೈತಿ.’